ಗೀಸರ್ ಟೈಮರ್ ಹಿಂದೆ ಬೀಳುವುದೇಕೆ?

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಹೊರಗಿನವರಿಗೆ ಗೊತ್ತಿರುವುದು ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯದಿಂದ. ಐದು ಗರ್ಭಗುಡಿಗಳು ಸಾಲಾಗಿ ನಿಂತ ಆ ಗುಡಿಯ ಸೀಮೆಯಲ್ಲಿ ಸ್ನಾನದ ನೀರು ತಲೆಮಾರುಗಳಿಂದ ಕಾದದ್ದು ಬಚ್ಚಲ ಹಂಡೆಯಲ್ಲಿ. ಒಲೆಗೆ ತೆಂಗಿನ ಮಟ್ಟೆ, ಸೋಗೆ, ಕಬ್ಬಿನ ತರಗು. ಈಗ ಎಷ್ಟೋ ಬಚ್ಚಲುಗಳಿಗೆ ಗೀಸರ್ ಬಂದಿದೆ, ಅದರ ಬೆನ್ನಿಗೇ ಟೈಮರ್ ಕೂಡ. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಮೀಟರಿನ ಮೇಲೆ ಮನೆಯವರ ಕಣ್ಣು ಹೆಚ್ಚಾಯಿತು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ!

ಟೈಮರಿನಿಂದ ಬಿಲ್ ಅರ್ಧಕ್ಕಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.66 ಯೂನಿಟ್ ಬೇಕೇ ಬೇಕು. 2 ಕಿಲೋವ್ಯಾಟ್ ಕಾಯಿಲ್ ಅದನ್ನು 20 ನಿಮಿಷದಲ್ಲಿ ಮುಗಿಸುತ್ತದೆ. ಟೈಮರ್ ಉಳಿಸುವುದು, ಕಾದ ನೀರು ದಿನವಿಡೀ ತೊಟ್ಟಿಯಲ್ಲಿ ಕೂತು ಆರುವಾಗ ಸೋರಿಹೋಗುವ ಶಾಖವನ್ನು ಮಾತ್ರ. ಸ್ಟಾರ್ ಗುರುತಿನ ಚಿಕ್ಕ ಗೀಸರಿನಲ್ಲಿ ಅದು ದಿನಕ್ಕೆ ಒಂದು ಯೂನಿಟ್‌ಗಿಂತ ಕಡಿಮೆ. ಸ್ವಿಚ್ ಆರಿಸಲು ಮರೆಯುವ ಮನೆಯಲ್ಲಿ ಅದೂ ಉಪಯೋಗವೇ ಅನ್ನಿ.

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಮುಳ್ಳು ತಿರುಗುವ ಮಾದರಿ. ಅದರ ಬಿಲ್ಲೆಯ ಅಂಚಿನಲ್ಲಿ ಸಾಮಾನ್ಯವಾಗಿ 96 ಹಲ್ಲುಗಳಿರುತ್ತವೆ, ಒಂದೊಂದಕ್ಕೆ 15 ನಿಮಿಷ. ಬೇಕಾದಷ್ಟು ಹಲ್ಲು ಒತ್ತಿಟ್ಟರೆ ಆ ಹೊತ್ತಿಗೆ ಗೀಸರ್ ಹತ್ತುತ್ತದೆ. ಬಿಲ್ಲೆಯನ್ನು ತಿರುಗಿಸುವ ಪುಟ್ಟ ಮೋಟರಿಗೆ ಗಡಿಯಾರದ ಜ್ಞಾನ ಇಲ್ಲ. ತಂತಿಯಲ್ಲಿ ಬರುವ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ ಎಂಬ ನಂಬಿಕೆಯ ಮೇಲೆ ಅದು ಆವರ್ತಗಳನ್ನು ಎಣಿಸುತ್ತಾ ಹೋಗುತ್ತದೆ, ಅಷ್ಟೇ. ಕರೆಂಟು ಹೋಯಿತೋ, ಎಣಿಕೆಯೂ ನಿಂತಿತು. ರಾತ್ರಿ ಎರಡು ಗಂಟೆ ಕರೆಂಟು ಇಲ್ಲದಿದ್ದರೆ ಬೆಳಗಿನ 5ಕ್ಕೆ ಹತ್ತಬೇಕಾದ ಗೀಸರ್ ಹತ್ತುವುದು 7ಕ್ಕೆ. ಮರುದಿನ ಇನ್ನೊಂದು ಗಂಟೆ ಹೋದರೆ 8ಕ್ಕೆ. ಮುಳ್ಳನ್ನು ಕೈಯಾರೆ ತಿರುಗಿಸುವವರೆಗೂ ಈ ಸಾಲ ತೀರುವುದಿಲ್ಲ.

ಕರೆಂಟು ಇದ್ದಾಗಲೂ ಲೆಕ್ಕ ತಪ್ಪಬಹುದು. ಗ್ರಿಡ್‌ನ ಆವರ್ತನ 49.9 ಹರ್ಟ್ಸ್‌ಗೆ ಇಳಿದು ದಿನಪೂರ್ತಿ ಅಲ್ಲೇ ನಿಂತರೆ ಇಂಥ ಟೈಮರ್ ಸುಮಾರು 3 ನಿಮಿಷ ಹಿಂದೆ ಬೀಳುತ್ತದೆ, 48.5ಕ್ಕೆ ಇಳಿದರೆ 43 ನಿಮಿಷ. ದಕ್ಷಿಣದ ಗ್ರಿಡ್‌ನಲ್ಲಿ ಆವರ್ತನ ಹಾಗೆ ಕುಸಿಯುವುದು ಒಂದು ಕಾಲದಲ್ಲಿ ಅಪರೂಪವೇನಾಗಿರಲಿಲ್ಲ. 2003ರಲ್ಲಿ ಆವರ್ತನಕ್ಕೆ ತಕ್ಕಂತೆ ದರ ಕಟ್ಟುವ ಪದ್ಧತಿ ಬಂದ ಮೇಲೆ ಶಿಸ್ತು ಮೂಡಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವು ದೇಶದ ಉಳಿದ ಗ್ರಿಡ್ ಜೊತೆ ಒಂದಾಯಿತು. ಇಂದು ಗೋವಿಂದನಹಳ್ಳಿಯ ಟೈಮರೂ ದಿಲ್ಲಿಯ ಟೈಮರೂ ತಿರುಗುವುದು ಒಂದೇ ತಾಳಕ್ಕೆ.

ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಕರೆಂಟಿನ ಆವರ್ತನ 25 ಹರ್ಟ್ಸ್ ಆಗಿತ್ತು. ಇಂದಿನ ಟೈಮರನ್ನು ಆ ತಂತಿಗೆ ಹಚ್ಚಿದ್ದರೆ, ತಿರುಗಿತೆಂದೇ ಇಟ್ಟುಕೊಂಡರೂ, ಒಂದು ದಿನ ಮುಗಿಸಲು ಅದಕ್ಕೆ 48 ಗಂಟೆ ಹಿಡಿಯುತ್ತಿತ್ತು!

ಹಾಗಾಗಿ ಕರೆಂಟು ಹೋಗಿಬರುವ ಊರಿಗೆ ಡಿಜಿಟಲ್ ಟೈಮರೇ ಸರಿ. ಅದರೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸಿ ಹೊತ್ತು ಅಳೆಯುತ್ತದೆ. ಗ್ರಿಡ್‌ನ ಹಂಗಿಲ್ಲ. ಕರೆಂಟು ಇಲ್ಲದಾಗ ಪುಟ್ಟ ಬ್ಯಾಟರಿ ಅದನ್ನು ನಡೆಸುತ್ತದೆ. ಕೆಲವು ವರ್ಷಗಳಲ್ಲಿ ಆ ಬ್ಯಾಟರಿ ಸತ್ತರೆ, ಪ್ರತಿ ಸಲ ಕರೆಂಟು ಹೋದಾಗಲೂ ಪರದೆ ಖಾಲಿ, ಗಂಟೆ ಸೊನ್ನೆ. ಟೈಮರ್ ಕೆಟ್ಟಿತೆಂದು ಜನ ಎಸೆಯುವುದು ಆಗಲೇ.

ಇನ್ನೊಂದು ರೋಗ ಸಂಪರ್ಕಬಿಂದುಗಳದ್ದು. 2 ಕಿಲೋವ್ಯಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಹತ್ತಿ ಆರುವಾಗಲೆಲ್ಲ ಕಿಡಿ ಹಾರಿ ಲೋಹ ಸವೆಯುತ್ತದೆ, ಕೆಲವೊಮ್ಮೆ ಎರಡೂ ಬಿಂದುಗಳು ಬೆಸೆದುಕೊಂಡೇ ಬಿಡುತ್ತವೆ. ಆಗ ಪರದೆಯ ಮೇಲೆ ‘ಆಫ್’ ಎಂದಿದ್ದರೂ ಗೀಸರಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ನೀರು ಕುದಿಯದಂತೆ ಕಾಯುವುದು ಗೀಸರಿನೊಳಗಿನ ಥರ್ಮೋಸ್ಟಾಟ್. ಅದಕ್ಕೇ ಟೈಮರ್ ಇದೆಯೆಂದು ಥರ್ಮೋಸ್ಟಾಟನ್ನು ಯಾರೂ ಕಿತ್ತುಹಾಕಬಾರದು.

ಬದಲಾಯಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಟ್ಟದ್ದು. ಮನೆಯವರು ಪಕ್ಕದಲ್ಲಿ ನಿಂತು ಕೇಳಬೇಕಾದ್ದು ಇಷ್ಟು: ಎಂಸಿಬಿ ಇಳಿಸಿ ಟೆಸ್ಟರ್ ಹಿಡಿದು ನೋಡಿದ್ದಾಯಿತೇ? ಟೈಮರ್ ಕತ್ತರಿಸುವುದು ಫೇಸ್ ತಂತಿಯನ್ನೇ? ನ್ಯೂಟ್ರಲ್ ಕತ್ತರಿಸಿದರೆ ಗೀಸರ್ ಆರಿದಂತೆ ಕಂಡರೂ ಕಾಯಿಲ್‌ನಲ್ಲಿ ಕರೆಂಟು ಇದ್ದೇ ಇರುತ್ತದೆ. ಅರ್ಥ್ ತಂತಿ ಎಲ್ಲೂ ತುಂಡಾಗದೆ ಗೀಸರ್‌ವರೆಗೆ ಹೋಗಿದೆಯೇ?

ಕೊಳ್ಳುವ ಮೊದಲು ಡಬ್ಬಿಯ ಮೇಲೆ 16 ಆಂಪಿಯರ್ ಎಂದಿದೆಯೇ ನೋಡಿ. ಬ್ಯಾಟರಿ ಬೇರೆ ಹಾಕಲು ಬರುತ್ತದೆಯೇ ಎಂದೂ ಅಂಗಡಿಯವರನ್ನು ಕೇಳಿ. ಬೆಸುಗೆ ಹಾಕಿದ ಬ್ಯಾಟರಿಯಾದರೆ ಅದು ಸತ್ತ ದಿನ ಇಡೀ ಟೈಮರನ್ನೇ ಮತ್ತೆ ಕೊಳ್ಳಬೇಕಾಗುತ್ತದೆ.