ವೈಡ್ ಕ್ಯಾರೆಕ್ಟರಿನಿಂದ ಮಲ್ಟಿಬೈಟಿಗೆ: ಸಿ ಭಾಷೆಯಲ್ಲಿ ಬೇರೂರಿದ ಕೆಲವು ತಪ್ಪು ಕಲ್ಪನೆಗಳು

ಡೆನಿಸ್ ರಿಚಿಯವರು ಬೆಲ್ ಪ್ರಯೋಗಶಾಲೆಯಲ್ಲಿ 1970ರ ದಶಕದ ಆದಿಭಾಗದಲ್ಲಿ ಸಿ ಭಾಷೆಯನ್ನು ನಿರ್ಮಿಸಿದ ಕಾಲಕ್ಕೆ ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಲೆಕ್ಕವೇ ಸಾಕಾಗಿತ್ತು. ಇಂಗ್ಲಿಷಿನ ಅಕ್ಷರಗಳೂ ಅಂಕಿಗಳೂ ವಿರಾಮಚಿಹ್ನೆಗಳೂ 128 ಸ್ಥಾನಗಳ ಆಸ್ಕಿ ಪಟ್ಟಿಯಲ್ಲಿ ಸುಖವಾಗಿ ನೆಲೆಸಿದ್ದುವು. ಜಗತ್ತಿನ ಇತರ ಲಿಪಿಗಳು ಗಣಕವನ್ನು ಪ್ರವೇಶಿಸಲಾರಂಭಿಸಿದ ಮೇಲೆ ಆ ಲೆಕ್ಕ ಸಾಲದಾಯಿತು. ಆದಕಾರಣ ಸಿ ಭಾಷೆಯ 1989ರ ಪ್ರಮಾಣಕವು ಎರಡು ಬಗೆಯ ಸ್ಟ್ರಿಂಗುಗಳಿಗೆ ಎಡೆಮಾಡಿಕೊಟ್ಟಿತು. ಪ್ರತಿಯೊಂದು ಸಂಕೇತವನ್ನೂ ಒಂದೇ ಅಳತೆಯ ಸಂಖ್ಯೆಯಾಗಿ ಹಿಡಿದಿಡುವುದು ವೈಡ್ ಕ್ಯಾರೆಕ್ಟರ್ ಸ್ಟ್ರಿಂಗ್. ಒಂದೊಂದು ಸಂಕೇತಕ್ಕೆ ಒಂದೋ ಮೂರೋ ನಾಲ್ಕೋ ಬೈಟುಗಳನ್ನು ಅವಶ್ಯಕತೆಗೆ ತಕ್ಕಂತೆ ವೆಚ್ಚಮಾಡುವುದು ಮಲ್ಟಿಬೈಟ್ ಸ್ಟ್ರಿಂಗ್. ಕ್ರಮವಿಧಿಯ ಒಳಗೆ ಹುಡುಕುವುದಕ್ಕೂ ಎಣಿಸುವುದಕ್ಕೂ ಮೊದಲನೆಯದು ಅನುಕೂಲ. ಕಡತಕ್ಕೆ ಬರೆಯಲು, ಜಾಲದ ಮೂಲಕ ಕಳುಹಿಸಲು ಎರಡನೆಯದು ಬೇಕು. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಫಂಕ್ಷನ್ನಿನ ಹೆಸರು ಡಬ್ಲ್ಯುಸಿಎಸ್-ಟು-ಎಂಬಿಎಸ್.

ಮೂರೇ ಆರ್ಗ್ಯುಮೆಂಟುಗಳನ್ನು ಸ್ವೀಕರಿಸುವ ಈ ಸಣ್ಣ ಫಂಕ್ಷನ್ನಿನ ಸುತ್ತ ಬೆಳೆದುನಿಂತಿರುವ ತಪ್ಪು ಕಲ್ಪನೆಗಳು ಅಲ್ಪವಲ್ಲ; ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಸಮಾನವಾದ ಲಕ್ಷಣವುಂಟು. ಇಂಗ್ಲಿಷ್ ಪದಗಳಿಂದ ಪರೀಕ್ಷಿಸಿ ನೋಡುವವರೆಗೂ ಅವು ಸತ್ಯದಂತೆಯೇ ವರ್ತಿಸುತ್ತವೆ. ಕನ್ನಡದ ಒಂದು ಪದವನ್ನು ಒಡ್ಡಿದ ಕ್ಷಣದಲ್ಲಿ ಮಾತ್ರ ಅವುಗಳ ಟೊಳ್ಳು ಬಯಲಾಗುತ್ತದೆ. ಪರೀಕ್ಷೆಯೆಲ್ಲ ಇಂಗ್ಲಿಷಿನಲ್ಲಿ ಮುಗಿದು, ತಂತ್ರಾಂಶವು ಬಳಕೆದಾರರ ಕೈಸೇರಿದ ಮೇಲೆ, ನಮ್ಮ ಜನರ ಹೆಸರುಗಳೂ ಊರುಗಳೂ ಕಡತಗಳಲ್ಲಿ ಅಳಿಸಿಹೋಗುವುದಕ್ಕೆ ಇದೇ ಕಾರಣವಾದ್ದರಿಂದ, ಈ ವಿಷಯವನ್ನು ತಾಳ್ಮೆಯಿಂದ ಪರಿಶೀಲಿಸುವುದು ಯುಕ್ತವೆಂದು ನಾನು ಭಾವಿಸುತ್ತೇನೆ.

ಪಾಯಿಂಟರಿಗೆ ಟೈಪ್ ಕಾಸ್ಟ್ ಮಾಡಿಬಿಟ್ಟರೆ ಸ್ಟ್ರಿಂಗ್ ತಾನಾಗಿಯೇ ಬದಲಾಗುವುದೆಂಬ ನಂಬಿಕೆಯೊಂದು ಮಾತ್ರ ಇಂಗ್ಲಿಷಿನಲ್ಲಿಯೇ ಬೇಗ ಸಿಕ್ಕಿಬೀಳುತ್ತದೆ. ಕಾಸ್ಟ್ ಮಾಡುವುದರಿಂದ ಸ್ಮೃತಿಯಲ್ಲಿರುವ ಒಂದು ಬಿಟ್ಟೂ ಕದಲುವುದಿಲ್ಲ. ಕಂಪೈಲರ್ ಕೊಡುತ್ತಿದ್ದ ಎಚ್ಚರಿಕೆಯ ಬಾಯಿಮುಚ್ಚುತ್ತದೆ, ಅಷ್ಟೆ. ಸಾಮಾನ್ಯವಾದ ಲಿನಕ್ಸ್ ಯಂತ್ರದಲ್ಲಿ ದೊಡ್ಡಕ್ಷರದ ‘ಎ’ 65, 0, 0, 0 ಎಂಬ ನಾಲ್ಕು ಬೈಟುಗಳಾಗಿ ಕುಳಿತಿರುವುದರಿಂದ, ಎಷ್ಟೇ ಉದ್ದದ ಪದವಾದರೂ ಮೊದಲನೆಯ ಅಕ್ಷರದ ಬೆನ್ನಿಗಿರುವ ಸೊನ್ನೆಯಲ್ಲಿಯೇ ಮುಗಿದುಹೋಗುತ್ತದೆ. ‘ಕ’ಕಾರದ ಯೂನಿಕೋಡ್ ಸಂಖ್ಯೆ 3221, ಅದು ಸ್ಮೃತಿಯಲ್ಲಿ 149, 12, 0, 0 ಎಂದಿರುತ್ತದೆ. ಯೂನಿಕೋಡಿನ ಮಲ್ಟಿಬೈಟ್ ಪದ್ಧತಿಯಾದ ಯುಟಿಎಫ್-8ರಲ್ಲಿ ಅದೇ ಅಕ್ಷರ 224, 178, 149 ಎಂಬ ಮೂರು ಬೈಟುಗಳಾಗಬೇಕು. 149 ಎರಡು ಕಡೆಯಲ್ಲಿಯೂ ಕಾಣಿಸಿಕೊಂಡದ್ದು ಕೇವಲ ಆಕಸ್ಮಿಕ. ಬಿಟ್ಟುಗಳನ್ನು ಬಿಡಿಸಿ ಬೇರೆ ಕ್ರಮದಲ್ಲಿ ಜೋಡಿಸದೆ ಒಂದು ಮತ್ತೊಂದಾಗಲಾರದು.

ಇದಕ್ಕಿಂತ ವ್ಯಾಪಕವೂ ಹೆಚ್ಚು ಹಾನಿಕರವೂ ಆದ ಕಲ್ಪನೆಯೆಂದರೆ, ಡಬ್ಲ್ಯುಸಿಎಸ್-ಟು-ಎಂಬಿಎಸ್ ಎಂಬುದು ಯುಟಿಎಫ್-8ಕ್ಕೆ ಪರಿವರ್ತಿಸುವ ಫಂಕ್ಷನ್ ಎಂಬುದು. ಕಾಲಾನುಕ್ರಮವನ್ನು ನೋಡಿದರೇ ಇದು ಅಸಂಭವವೆಂದು ತಿಳಿಯುತ್ತದೆ: ಫಂಕ್ಷನ್ 1989ರ ಪ್ರಮಾಣಕದ್ದು, ಯುಟಿಎಫ್-8ಅನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ್ದು 1992ರ ಸೆಪ್ಟೆಂಬರಿನಲ್ಲಿ. ತನಗಿಂತ ಮೂರು ವರ್ಷ ತಡವಾಗಿ ಹುಟ್ಟಿದ ಪದ್ಧತಿಗೆ ಯಾವ ಫಂಕ್ಷನ್ನೂ ಪ್ರತಿಜ್ಞಾಬದ್ಧವಾಗಿರಲಾರದು. ಅದು ಯಾವ ಪದ್ಧತಿಯ ಬೈಟುಗಳನ್ನು ಕೊಡಬೇಕೆಂಬುದನ್ನು ಆ ಹೊತ್ತಿನಲ್ಲಿ ಜಾರಿಯಲ್ಲಿರುವ ಲೊಕೇಲ್ (ಭಾಷೆ, ದೇಶ, ಎನ್‌ಕೋಡಿಂಗುಗಳ ಸಂಯೋಜನೆ), ಅದರಲ್ಲಿಯೂ ಎಲ್‌ಸಿ-ಸಿಟೈಪ್ ಎಂಬ ವಿಭಾಗ, ನಿರ್ಧರಿಸುತ್ತದೆ. ಸಿ ಭಾಷೆಯ ಯಾವ ಕ್ರಮವಿಧಿಯೇ ಆಗಲಿ, ಬಳಕೆದಾರನ ಯಂತ್ರ ಯಾವ ಭಾಷೆಗೆ ಸಜ್ಜಾಗಿದ್ದರೂ ಸರಿಯೆ, ಆರಂಭವಾಗುವುದು ‘ಸಿ’ ಎಂಬ ಹೆಸರಿನ ಮೂಲ ಲೊಕೇಲಿನಲ್ಲಿ; ಇದು ಪ್ರಮಾಣಕದ ವಿಧಿ. ಲಿನಕ್ಸಿನ ಗ್ಲಿಬ್‌ಸಿ ಗ್ರಂಥಾಲಯದಲ್ಲಿ ಆ ಮೂಲ ಲೊಕೇಲಿಗೆ ಆಸ್ಕಿಯ ಹೊರಗಿನ ಅಕ್ಷರಗಳ ಪರಿಚಯವಿಲ್ಲ. ಆದುದರಿಂದ ‘ಮೈಸೂರು’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದು ಕೊಟ್ಟರೆ ಪರಿವರ್ತನೆ ನಿರ್ವಿಘ್ನವಾಗಿ ನೆರವೇರುತ್ತದೆ. ಕನ್ನಡ ಲಿಪಿಯಲ್ಲಿ ಬರೆದು ಕೊಟ್ಟರೆ ಮೊದಲ ಅಕ್ಷರದಲ್ಲಿಯೇ ಫಂಕ್ಷನ್ ಸೋತು ಹಿಂದಿರುಗುತ್ತದೆ.

ಪರಿಹಾರ ಒಂದೇ ಸಾಲಿನದು: ಮೇನ್ ಫಂಕ್ಷನ್ನಿನ ಆರಂಭದಲ್ಲಿ ಸೆಟ್‌ಲೊಕೇಲ್ ಫಂಕ್ಷನ್ನನ್ನು ಎಲ್‌ಸಿ-ಸಿಟೈಪ್ ವಿಭಾಗಕ್ಕೆ, ಖಾಲಿ ಸ್ಟ್ರಿಂಗಿನೊಂದಿಗೆ ಕರೆಯುವುದು, ಆಗ ಬಳಕೆದಾರನ ಪರಿಸರದಲ್ಲಿರುವ ಲೊಕೇಲ್ ಜಾರಿಗೆ ಬರುತ್ತದೆ. ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಬದಲಾಯಿಸುವ ಎಲ್‌ಸಿ-ಆಲ್ ಬಳಸುವವರು ದಶಮಾಂಶದ ಬಿಂದುವೂ ಅದರೊಡನೆ ಬದಲಾಗಬಹುದೆಂಬುದನ್ನು ಅರಿತಿರಬೇಕು. ಜರ್ಮನ್ ಲೊಕೇಲಿನಲ್ಲಿ ಬಿಂದುವಿನ ಸ್ಥಾನಕ್ಕೆ ಅಲ್ಪವಿರಾಮ ಬರುತ್ತದೆ. ಸೆಟ್‌ಲೊಕೇಲ್ ನಲ್ ಪಾಯಿಂಟರನ್ನು ಹಿಂದಿರುಗಿಸಿದರೆ ಕೇಳಿದ ಲೊಕೇಲ್ ಆ ಯಂತ್ರದಲ್ಲಿ ಸ್ಥಾಪಿತವಾಗಿಲ್ಲವೆಂದು ಅರ್ಥ. ಅಭಿವೃದ್ಧಿಪಡಿಸಿದವನ ಮೇಜಿನ ಮೇಲೆ ಸೊಗಸಾಗಿ ನಡೆಯುತ್ತಿದ್ದ ಕ್ರಮವಿಧಿ, ಲೊಕೇಲುಗಳನ್ನೆಲ್ಲ ಕಳಚಿ ಹಗುರಗೊಳಿಸಿದ ಸರ್ವರಿನ ಕಂಟೇನರಿನಲ್ಲಿ ಕನ್ನಡವನ್ನು ಕಂಡೊಡನೆ ನಿಂತುಹೋಗುವುದು ಬಹುತೇಕ ಈ ಪರೀಕ್ಷೆಯನ್ನು ಮಾಡದಿರುವುದರಿಂದಲೇ.

ಇಲ್ಲಿಂದಲೇ ಮತ್ತೊಂದು ಭ್ರಮೆ ಕವಲೊಡೆಯುತ್ತದೆ: ಕನ್ನಡವನ್ನು ಪರಿವರ್ತಿಸಬೇಕಾದರೆ ಕನ್ನಡದ ಲೊಕೇಲೇ ಬೇಕೆಂದು. ಸರ್ವಥಾ ಹಾಗಿಲ್ಲ. ಇಲ್ಲಿ ಪರಿಗಣನೆಗೆ ಬರುವುದು ಲೊಕೇಲಿನ ಎನ್‌ಕೋಡಿಂಗ್. ಅದರ ಭಾಷೆಯಾಗಲಿ ದೇಶವಾಗಲಿ ಅಲ್ಲ. ಯುಟಿಎಫ್-8ಅನ್ನು ಬಳಸುವ ಅಮೆರಿಕದ ಇಂಗ್ಲಿಷ್ ಲೊಕೇಲಿನಲ್ಲಿಯೂ ಕನ್ನಡ ಅಕ್ಷತವಾಗಿ ದಾಟುತ್ತದೆ. 2022ರಲ್ಲಿ ಬಿಡುಗಡೆಯಾದ ಗ್ಲಿಬ್‌ಸಿ 2.35ರಿಂದೀಚೆಗೆ ಯಾವ ಭಾಷೆಗೂ ಸೇರದ ‘ಸಿ ಯುಟಿಎಫ್-8’ ಎಂಬ ಲೊಕೇಲಿಗೆ ಆ ಗ್ರಂಥಾಲಯದ ಬೆಂಬಲವಿದೆ. ಸರ್ವರುಗಳಿಗೆ ಅದೇ ಪ್ರಶಸ್ತ.

ಇನ್ನು ಬಫರಿನ ವಿಷಯ. ವೈಡ್ ಸ್ಟ್ರಿಂಗಿನ ಉದ್ದಕ್ಕೆ ಒಂದನ್ನು ಕೂಡಿಸಿ ಅಷ್ಟು ಬೈಟುಗಳ ಜಾಗವನ್ನು ಕಾದಿರಿಸಿದರೆ ಸಾಕೆಂಬುದು ಎಷ್ಟೋ ಜನರ ದೃಢವಾದ ವಿಶ್ವಾಸ. ಇಂಗ್ಲಿಷಿನಲ್ಲಿ ಅದು ಎಂದೂ ಕೈಕೊಡುವುದಿಲ್ಲವಾದ್ದರಿಂದ ಅದನ್ನು ಸಂಶಯಿಸುವ ಪ್ರಸಂಗವೇ ಬರುವುದಿಲ್ಲ. ನಮ್ಮ ಭಾಷೆಯ ಹೆಸರನ್ನೇ ತೆಗೆದುಕೊಳ್ಳೋಣ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ; ಯೂನಿಕೋಡಿನಲ್ಲಿ ಅದು ಕಕಾರ, ನಕಾರ, ವಿರಾಮ, ಮತ್ತೊಂದು ನಕಾರ, ಡಕಾರ ಎಂಬ ಐದು ಸಂಕೇತಗಳು. ಮೇಲಣ ವಿಶ್ವಾಸದಂತೆ ಐದಕ್ಕೆ ಒಂದನ್ನು ಕೂಡಿಸಿ ಆರು ಬೈಟುಗಳ ಬಫರನ್ನು ಕೊಟ್ಟು, ಮಿತಿಯನ್ನೂ ಆರೆಂದೇ ತಿಳಿಸಿದೆವೆನ್ನಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಕಕಾರ ಮೂರನ್ನು ಆಕ್ರಮಿಸುತ್ತದೆ, ನಕಾರ ಉಳಿದ ಮೂರನ್ನು. ಆರೂ ತುಂಬಿದ ಮೇಲೆ ಫಂಕ್ಷನ್ ನಿಂತು, ಆರು ಬೈಟು ಬರೆದೆನೆಂದು ವರದಿ ಮಾಡುತ್ತದೆ. ‘ಕನ’ ಎಂಬಷ್ಟೇ ಉಳಿಯಿತೆಂಬುದು ಒಂದು ನಷ್ಟ. ಅದಕ್ಕಿಂತ ಘೋರವಾದದ್ದು, ಸ್ಟ್ರಿಂಗಿನ ಅಂತ್ಯವನ್ನು ಸಾರುವ ಸೊನ್ನೆಯ ಬೈಟಿಗೆ ಅಲ್ಲಿ ಎಡೆಯೇ ಉಳಿಯಲಿಲ್ಲವೆಂಬುದು. ಮುಂದೆ ಆ ಬಫರನ್ನು ಮುದ್ರಿಸಹೊರಟ ಪ್ರಿಂಟ್‌ಎಫ್, ಎಲ್ಲಿಯೋ ಒಂದು ಸೊನ್ನೆ ಸಿಕ್ಕುವವರೆಗೂ ಪರರ ಸ್ಮೃತಿಯನ್ನು ಓದುತ್ತ ಸಾಗುತ್ತದೆ.

ಹಿಂದಿರುಗಿದ ಸಂಖ್ಯೆ ನಾವು ಕೊಟ್ಟ ಮಿತಿಗೆ ಸಮನಾಗಿದ್ದರೆ ಅಂತ್ಯದ ಸೊನ್ನೆ ಬಿದ್ದಿಲ್ಲವೆಂದೇ ತಿಳಿಯತಕ್ಕದ್ದು. ಆರರ ಬದಲು ಏಳೋ ಎಂಟೋ ಕೊಟ್ಟಿದ್ದರೂ ಫಲ ಇದೇ, ಇನ್ನೂ ನವುರಾದ ರೂಪದಲ್ಲಿ: ಮೂರನೆಯ ಸಂಕೇತದ ಅರ್ಧಭಾಗವನ್ನು ಬರೆಯುವುದು ಫಂಕ್ಷನ್ನಿಗೆ ನಿಷಿದ್ಧವಾದ್ದರಿಂದ, ಅದು ಆರಕ್ಕೇ ನಿಂತು, ಮಿತಿಗಿಂತ ಕಡಿಮೆಯಾದ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ಎಲ್ಲವೂ ಸುಸೂತ್ರವಾಯಿತೆಂಬ ಭ್ರಾಂತಿ ಹುಟ್ಟುತ್ತದೆ. ಇದರಿಂದ ಪಾರಾಗಲು ಸ್ಟ್ರಿಂಗಿನ ಉದ್ದವನ್ನು ಎಂಬಿ-ಕರ್-ಮ್ಯಾಕ್ಸ್ ಎಂಬ, ಪ್ರಸ್ತುತ ಲೊಕೇಲಿನಲ್ಲಿ ಒಂದು ಸಂಕೇತಕ್ಕೆ ಗರಿಷ್ಠ ಎಷ್ಟು ಬೈಟು ಬೇಕಾಗಬಹುದೆಂದು ತಿಳಿಸುವ ಮೌಲ್ಯದಿಂದ ಗುಣಿಸಿ ಒಂದನ್ನು ಕೂಡಿಸಬಹುದು. ಅಥವಾ, ಡಬ್ಲ್ಯುಸಿಎಸ್‌ಆರ್-ಟು-ಎಂಬಿಎಸ್ ಎಂಬ, 1995ರ ತಿದ್ದುಪಡಿಯಲ್ಲಿ ಬಂದ ಸೋದರ ಫಂಕ್ಷನ್ನಿಗೆ ಗುರಿಯ ಸ್ಥಾನದಲ್ಲಿ ನಲ್ ಪಾಯಿಂಟರನ್ನು ಕೊಟ್ಟರೆ, ಅದು ಏನನ್ನೂ ಬರೆಯದೆ, ಬೇಕಾಗುವ ಬೈಟುಗಳನ್ನು ಎಣಿಸಿ ಹೇಳುತ್ತದೆ. ನಮ್ಮ ಪದಕ್ಕೆ ಅದು ಹದಿನೈದೆನ್ನುತ್ತದೆ. ಅಂತ್ಯದ ಸೊನ್ನೆಯನ್ನು ಅದು ಎಣಿಸುವುದಿಲ್ಲವಾಗಿ ಹದಿನಾರನ್ನು ಕಾದಿರಿಸಬೇಕು. ನನಗೆ ಈ ಎರಡನೆಯ ಮಾರ್ಗವೇ ಮೆಚ್ಚು.

ಪರಿವರ್ತನೆ ವಿಫಲವಾದರೆ ಋಣಸಂಖ್ಯೆ ಬರುವುದೆಂದು ತಿಳಿದು, ಫಲ ಸೊನ್ನೆಗಿಂತ ಕಡಿಮೆಯೇ ಎಂದು ಪರೀಕ್ಷಿಸುವವರೂ ಉಂಟು. ಬರುವುದು ಸೈಜ್-ಟಿ ಜಾತಿಗೆ ಪರಿವರ್ತಿತವಾದ ಮೈನಸ್ ಒಂದು. ಆ ಜಾತಿಗೆ ಋಣವೆಂಬುದೇ ಇಲ್ಲ. 64 ಬಿಟ್ಟಿನ ಯಂತ್ರದಲ್ಲಿ ಅದು 18446744073709551615 ಎಂಬ ಬೃಹತ್ಸಂಖ್ಯೆಯಾಗಿ ಕಾಣಿಸಿಕೊಳ್ಳುತ್ತದೆ; ಸೊನ್ನೆಗಿಂತ ಕಡಿಮೆಯೇ ಎಂಬ ಪ್ರಶ್ನೆಗೆ ಉತ್ತರ ಎಂದೆಂದಿಗೂ ಅಲ್ಲವೆಂದೇ. ಆ ಸಂಖ್ಯೆಗೆ ಒಂದನ್ನು ಕೂಡಿಸಿ, ಸ್ಮೃತಿಯನ್ನು ಕಾದಿರಿಸುವ ಮ್ಯಾಲಾಕಿಗೆ ಕೊಟ್ಟರೆ ಮೊತ್ತ ಸುತ್ತಿಬಂದು ಸೊನ್ನೆಯಾಗುತ್ತದೆ! ಸೊನ್ನೆ ಬೈಟಿನ ಆ ಜಾಗಕ್ಕೆ ಮರಳಿ ಪರಿವರ್ತನೆ ಮಾಡಹೊರಟಾಗ, ದಾಟಲಾಗದ ಸಂಕೇತಕ್ಕಿಂತ ಹಿಂದೆ ಇದ್ದ ಅಕ್ಷರಗಳೆಲ್ಲವೂ ತಮ್ಮದಲ್ಲದ ಸ್ಮೃತಿಯ ಮೇಲೆ ಬೀಳುತ್ತವೆ. ಫಲವನ್ನು ಸೈಜ್-ಟಿಗೆ ಕಾಸ್ಟ್ ಮಾಡಿದ ಮೈನಸ್ ಒಂದರೊಡನೆ ಹೋಲಿಸುವುದೇ ಸರಿಯಾದ ಕ್ರಮ. ಸೋದರ ಫಂಕ್ಷನ್ನಿಗೆ ನಿಜವಾದ ಗುರಿಯನ್ನು ಕೊಟ್ಟು ಕರೆದಿದ್ದರೆ, ಅದು ಎಡವಿದ ಸ್ಥಾನವನ್ನೂ ಮೂಲದ ಪಾಯಿಂಟರಿನಲ್ಲಿ ತೋರಿಸಿಕೊಡುತ್ತದೆ. ದೋಷ ಯಾವ ಅಕ್ಷರದಲ್ಲಿದೆಯೆಂದು ತಡಕಾಡುವ ಕಷ್ಟ ತಪ್ಪುತ್ತದೆ.

ವೈಡ್ ಕ್ಯಾರೆಕ್ಟರ್ ಎಂದರೆ ಎರಡು ಬೈಟಿನ ಯೂನಿಕೋಡ್ ಎಂಬ ಮಾತು ವಿಂಡೋಸಿನಲ್ಲಿ ಕಲಿತವರ ಬಾಯಲ್ಲಿ ಸಾಮಾನ್ಯ. ಜೋ ಬೆಕರ್ ಅವರು 1988ರಲ್ಲಿ ಮುಂದಿಟ್ಟ ಯೂನಿಕೋಡಿನ ಕರಡು 16 ಬಿಟ್ಟುಗಳದ್ದು. 65,536 ಸ್ಥಾನಗಳಲ್ಲಿ ಜಗತ್ತಿನ ಪ್ರಚಲಿತ ಲಿಪಿಗಳೆಲ್ಲ ಹಿಡಿಸುವುವೆಂಬ ಎಣಿಕೆಯ ಮೇಲೆ 1993ರ ವಿಂಡೋಸ್ ಎನ್‌ಟಿ ಆ ಅಳತೆಯನ್ನು ಅಂಗೀಕರಿಸಿತು. ಎಣಿಕೆ ತಪ್ಪಾಯಿತು, 1996ರ ಎರಡನೆಯ ಆವೃತ್ತಿಯಲ್ಲಿ ಯೂನಿಕೋಡ್ ಆ ಎಲ್ಲೆಯನ್ನು ದಾಟಿತು, ಅತಿರಿಕ್ತ ಸಂಕೇತಗಳಿಗೆ 16 ಬಿಟ್ಟಿನ ಎರಡು ಘಟಕಗಳ ಜೋಡಿ ಬೇಕಾಯಿತು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ವೈಡ್ ಕ್ಯಾರೆಕ್ಟರ್ ಜಾತಿಯ ಅಳತೆ ನಾಲ್ಕು ಬೈಟು. ಪ್ರಮಾಣಕವಂತೂ ಅಳತೆಯನ್ನು ನಿಗದಿಪಡಿಸಿಯೇ ಇಲ್ಲ. ಕನ್ನಡದ ಸಂಕೇತಗಳು 3200ರಿಂದ 3327ರವರೆಗಿನ ಸ್ಥಾನಗಳಲ್ಲಿರುವುದರಿಂದ ನಮಗಿದು ತಟ್ಟದೆಂದು ಸಮಾಧಾನಪಡುವಂತಿಲ್ಲ. ತುಳುನಾಡಿನಲ್ಲಿಯೂ ಮಲೆನಾಡಿನಲ್ಲಿಯೂ ಓಲೆಗರಿಗಳ ಮೇಲೆ ಬಳಕೆಯಲ್ಲಿದ್ದ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನ 16ನೆಯ ಆವೃತ್ತಿಯಲ್ಲಿ ಯೂನಿಕೋಡನ್ನು ಸೇರಿತು. ಅದರ ವಿಭಾಗ ಆರಂಭವಾಗುವುದೇ 70,528ರಿಂದ. ಆ ಲಿಪಿಯ ಒಂದೊಂದು ಸಂಕೇತವೂ ವಿಂಡೋಸಿನಲ್ಲಿ ಎರಡು ವೈಡ್ ಘಟಕಗಳು, ಯುಟಿಎಫ್-8ರಲ್ಲಿ ನಾಲ್ಕು ಬೈಟುಗಳು.

ನಾಲ್ಕು ಬೈಟಿನ ಯಂತ್ರದಲ್ಲಿಯೂ ಒಂದು ವೈಡ್ ಕ್ಯಾರೆಕ್ಟರ್ ಒಂದು ಅಕ್ಷರವಾಗುವುದಿಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ವೈಡ್ ಸ್ಟ್ರಿಂಗಿಗೆ ಅದು ಆರು ಘಟಕ, ಯುಟಿಎಫ್-8ಕ್ಕೆ ಹದಿನೆಂಟು ಬೈಟು. ‘ಕೊ’ ಎಂಬುದರಲ್ಲಿರುವ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಪರಿವರ್ತನೆಯ ಫಂಕ್ಷನ್ ಇವನ್ನು ಏಕರೂಪಕ್ಕೆ ತರುವುದಿಲ್ಲ. ಬಂದದ್ದನ್ನು ಬಂದಂತೆಯೇ ದಾಟಿಸುತ್ತದೆ.

ವಿಂಡೋಸಿನಲ್ಲಿ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಮುದ್ರಿತವಾದುದನ್ನು ಕಂಡವರು ಅದನ್ನು ಫಾಂಟಿನ ದೋಷವೆಂದು ತಿಳಿದು ಹೊಸ ಫಾಂಟನ್ನು ಸ್ಥಾಪಿಸಲು ತೊಡಗುತ್ತಾರೆ. ಫಾಂಟ್ ಇಲ್ಲದಿದ್ದರೆ ಕಾಣುವುದು ಖಾಲಿ ಚೌಕಗಳು. ಪ್ರಶ್ನಾರ್ಥಕ ಚಿಹ್ನೆ ಬಂದಿತೆಂದರೆ, ವೈಡ್ ಸ್ಟ್ರಿಂಗನ್ನು ಯಂತ್ರದ ಹಳೆಯ ಕೋಡ್ ಪೇಜಿಗೆ ಪರಿವರ್ತಿಸುವಾಗ ಅದರಲ್ಲಿ ಕನ್ನಡಕ್ಕೆ ಸ್ಥಾನ ದೊರೆಯದೆ, ಪ್ರತಿಯೊಂದು ಸಂಕೇತದ ಜಾಗದಲ್ಲಿಯೂ 63 ಎಂಬ ಬೈಟು ಬಿತ್ತೆಂದೇ ಬಹುಮಟ್ಟಿಗೆ ತಿಳಿಯಬೇಕು. ಹಾಗೆ ಬರೆದ ಕಡತದಿಂದ ಮೂಲದ ಹೆಸರನ್ನು ಮರಳಿ ಪಡೆಯುವ ಉಪಾಯವೇ ಇಲ್ಲ. ವಿಂಡೋಸಿನ ಸ್ವಂತ ಪರಿವರ್ತನ ಫಂಕ್ಷನ್ನಿಗೆ ಯುಟಿಎಫ್-8ರ ಕೋಡ್ ಪೇಜನ್ನು ಸ್ಪಷ್ಟವಾಗಿ ಹೆಸರಿಸಿ ಕೊಡುವುದು ಇದಕ್ಕೆ ತಡೆ. ವಿಂಡೋಸ್ 10ರ 1803ನೆಯ ಆವೃತ್ತಿಯಿಂದೀಚೆಗೆ ಸೆಟ್‌ಲೊಕೇಲ್ ಮೂಲಕವೂ ಯುಟಿಎಫ್-8ಅನ್ನು ಆರಿಸಿಕೊಳ್ಳಬಹುದಾಗಿದೆ.

ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳನ್ನು ಇದೇ ಫಂಕ್ಷನ್ನಿನಿಂದ ಯೂನಿಕೋಡಿಗೆ ತರಬಹುದೆಂಬ ಆಸೆಯೂ ಕೆಲವರಲ್ಲಿದೆ. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದಾಗ ಕಡತದೊಳಗೆ ಕುಳಿತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟುಳ್ಳ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಮೊದಲಾದ ಏಳು ಲ್ಯಾಟಿನ್ ಚಿಹ್ನೆಗಳು; ಅವುಗಳಿಗೆ ಕನ್ನಡದ ಆಕೃತಿಯನ್ನು ತೊಡಿಸುವುದು ಫಾಂಟ್ ಮಾತ್ರ. ಡಬ್ಲ್ಯುಸಿಎಸ್-ಟು-ಎಂಬಿಎಸ್ ಆ ಏಳನ್ನೂ ಯುಟಿಎಫ್-8ಕ್ಕೆ ಸಮರ್ಪಕವಾಗಿ ಪರಿವರ್ತಿಸಿ, ಯಾವ ದೋಷವನ್ನೂ ವರದಿ ಮಾಡದೆ, ಯಶಸ್ಸನ್ನೇ ಸೂಚಿಸುತ್ತದೆ. ಫಲವಾಗಿ ಬಂದದ್ದು ಪೌಂಡಿನ ಚಿಹ್ನೆಯ ಯುಟಿಎಫ್-8 ರೂಪವೇ ಹೊರತು ನಕಾರವಲ್ಲ. ಅಂಥ ಕಡತಗಳಿಗೆ, ಆಯಾ ಫಾಂಟಿನ ಆಕೃತಿಗಳನ್ನು ಯೂನಿಕೋಡ್ ಸಂಕೇತಗಳೊಡನೆ ಹೊಂದಿಸಿ, ಒತ್ತಕ್ಷರ, ಅರ್ಕಾವತ್ತುಗಳ ಸ್ಥಾನವನ್ನು ಸರಿಪಡಿಸುವ ಪ್ರತ್ಯೇಕ ಪರಿವರ್ತಕವೊಂದು ಈ ಫಂಕ್ಷನ್ನಿಗಿಂತ ಮೊದಲು ಕೆಲಸ ಮುಗಿಸಿರಬೇಕು.