ಇಂಧನವಿಲ್ಲದ ವ್ಯೋಮಯಾನ: ವಕ್ರವಾದ ದೇಶಕಾಲದಲ್ಲಿ ‘ಈಜು’

ವ್ಯೋಮನೌಕೆಯು ಮುಂದಕ್ಕೆ ಹೋಗಬೇಕಾದರೆ ಏನನ್ನಾದರೂ ಹಿಂದಕ್ಕೆ ಎಸೆಯಬೇಕು, ಇಲ್ಲವೆ ಹೊರಗಿನ ವಸ್ತುವೊಂದರಿಂದ ಸಂವೇಗವನ್ನು ಪಡೆಯಬೇಕು. ರಾಕೆಟ್ಟು ಇಂಧನವನ್ನು ಉರಿಸಿ ಹಿಂದಕ್ಕೆ ಉಗುಳುವುದು ಮೊದಲನೆಯ ಬಗೆ. ಸೂರ್ಯಕಿರಣದ ಒತ್ತಡವನ್ನಾಗಲಿ ಗ್ರಹದ ಸೆಳೆತವನ್ನಾಗಲಿ ಬಳಸಿಕೊಳ್ಳುವುದು ಎರಡನೆಯದು. ಇವೆರಡೂ ಇಲ್ಲದ ಮೂರನೆಯ ಬಗೆಯೊಂದು ಉಂಟೆ? 2003ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಜ್ಯಾಕ್ ವಿಸ್ಡಮ್ ಎಂಬ ವಿದ್ವಾಂಸರು ‘ಸೈನ್ಸ್’ ಪತ್ರಿಕೆಯಲ್ಲಿ ಉಂಟೆಂದು ಗಣಿತಮುಖೇನ ತೋರಿಸಿದರು. ವಸ್ತುವೊಂದು ತನ್ನ ಆಕಾರವನ್ನು ಆವರ್ತಕ್ರಮದಲ್ಲಿ ಬದಲಿಸಿಕೊಳ್ಳುವುದರಿಂದಲೇ ಸ್ಥಳಾಂತರ ಹೊಂದಬಹುದೆಂಬುದು ಅವರ ಸಿದ್ಧಾಂತ. ಇದಕ್ಕೆ ಅವರು ‘ಈಜು’ ಎಂಬ ಹೆಸರನ್ನಿತ್ತರು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ದೋಣಿಯೊಳಗೆ ಕುಳಿತವನು ಅದರ ಅಂಚನ್ನೇ ತಳ್ಳಿ ದೋಣಿಯನ್ನು ನಡೆಸಲಾರನು. ಒಳಗಿನ ಬಲಗಳಿಂದ ವಸ್ತುವಿನ ದ್ರವ್ಯಕೇಂದ್ರವು ಕದಲದೆಂಬುದು ನ್ಯೂಟನ್ನನ ಕಾಲದಿಂದ ಅಬಾಧಿತವಾಗಿರುವ ನಿಯಮ. ಹೊಸ ಸಿದ್ಧಾಂತವು ಇದನ್ನು ಮುರಿಯುವುದೇ ಆದರೆ ಅದನ್ನು ಅಂಗೀಕರಿಸುವುದು ಹೇಗೆ?

ಸಮಾಧಾನವಿಷ್ಟು: ನಿಯಮವು ಮುರಿಯುವುದಿಲ್ಲ, ಅದರ ಆಧಾರವಾದ ದೇಶದ ಲಕ್ಷಣವೇ ಬೇರೆಯಾಗುತ್ತದೆ. ತಲೆಕೆಳಗಾಗಿ ಬೀಳುವ ಬೆಕ್ಕು ಯಾವ ಆಸರೆಯೂ ಇಲ್ಲದೆ ಮೈಯನ್ನು ತಿರುಚಿ ಕಾಲಿನ ಮೇಲೆ ಇಳಿಯುವುದು ಎಲ್ಲರೂ ಕಂಡ ಸಂಗತಿ. ಆಸರೆಯಿಲ್ಲದೆ ಜರುಗುವುದು ಅಸಾಧ್ಯವಾದರೂ ತಿರುಗುವುದು ಸಾಧ್ಯವೆಂದಾಯಿತು. ಈಗ ಗೋಳವೊಂದರ ಮೈಮೇಲೆಯೇ ಚಲಿಸಬೇಕಾದ ಜೀವಿಯನ್ನು ಭಾವಿಸಬೇಕು. ಅದಕ್ಕೆ ಜರುಗುವುದೆಂದರೆ ಗೋಳದ ಕೇಂದ್ರವನ್ನು ಸುತ್ತಿ ತಿರುಗುವುದೇ ಹೊರತು ಬೇರಲ್ಲ. ಆದುದರಿಂದ ಬೆಕ್ಕಿನ ಉಪಾಯವು ಅಲ್ಲಿ ಸ್ಥಳಾಂತರಕ್ಕೂ ಒದಗುತ್ತದೆ. 1915ರಲ್ಲಿ ಐನ್‌ಸ್ಟೈನರು ಪೂರ್ಣಗೊಳಿಸಿದ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ದ್ರವ್ಯವಿರುವೆಡೆ ದೇಶಕಾಲವು ವಕ್ರವಾಗಿರುತ್ತದೆ. ವಕ್ರದೇಶದಲ್ಲಿ ದ್ರವ್ಯಕೇಂದ್ರವೆಂಬುದೇ ಏಕಾರ್ಥವಾಗಿ ನಿಲ್ಲುವುದಿಲ್ಲ. ಕಾಲುಗಳನ್ನು ನೀಡುವುದು, ಅಗಲಿಸುವುದು, ಸೆಳೆದುಕೊಳ್ಳುವುದು, ಕೂಡಿಸುವುದು ಎಂಬ ಕ್ರಿಯೆಗಳನ್ನು ಕ್ರಮವಾಗಿ ಮಾಡಿದರೆ ಆಕಾರವು ಮೊದಲಿನಂತಾದರೂ ಸ್ಥಾನವು ಮೊದಲಿನದಾಗಿರುವುದಿಲ್ಲ. ಕ್ರಮವನ್ನು ಹಿಂದುಮುಂದಾಗಿಸಿದರೆ ಸ್ಥಳಾಂತರವೂ ಎದುರು ದಿಕ್ಕಿಗಾಗುತ್ತದೆ.

ಆದರೆ ಪರಿಮಾಣವನ್ನು ನೋಡಬೇಕು. ಭೂಮಿಯ ಮೇಲ್ಮೈಯಲ್ಲಿ ಒಂದು ಮೀಟರಿನಷ್ಟು ದೊಡ್ಡ ವಸ್ತುವು ಅಷ್ಟೇ ದೊಡ್ಡ ಚಲನೆಗಳನ್ನು ಮಾಡಿದರೆ, ಒಂದು ಆವರ್ತಕ್ಕೆ ದೊರೆಯುವ ದೂರವು ಒಂದು ಮೀಟರನ್ನು 1ರ ಮುಂದೆ 23 ಸೊನ್ನೆಗಳುಳ್ಳ ಸಂಖ್ಯೆಯಿಂದ ಭಾಗಿಸಿದಷ್ಟು. ಕ್ಷಣಕ್ಕೊಂದರಂತೆ, ಅಂದರೆ ಸೆಕೆಂಡಿಗೆ ಒಂದು ಆವರ್ತವನ್ನು ಎಡೆಬಿಡದೆ ನಡೆಸಿದರೂ ಒಂದು ಪರಮಾಣುವಿನ ಅಗಲವನ್ನು ದಾಟಲು 3 ಲಕ್ಷ ವರ್ಷಗಳಿಗೆ ಮಿಗಿಲಾಗಿ ಬೇಕು. ಮೇಲಾಗಿ ಈ ಈಜಿನಿಂದ ವೇಗವು ಸಂಚಯವಾಗುವುದಿಲ್ಲ: ಕ್ರಿಯೆ ನಿಂತೊಡನೆ ಅದರ ಫಲವೂ ನಿಲ್ಲುತ್ತದೆ. ವಕ್ರತೆಯು ಕ್ಷೀಣವಾದ ದೂರದ ಆಕಾಶದಲ್ಲಂತೂ ಅದು ಇಲ್ಲವೆಂಬಷ್ಟು ಕಿರಿದು. ಕಾಲುಗಳನ್ನಾಡಿಸುವ ಶಕ್ತಿಯನ್ನು ಬಿಸಿಲಿನಿಂದ ಪಡೆಯಬಹುದಾದರೂ ಶಕ್ತಿಯಿಲ್ಲದೆ ಏನೂ ನಡೆಯದು.

2022ರಲ್ಲಿ ಅಮೆರಿಕದ ಜಾರ್ಜಿಯಾ ತಂತ್ರವಿಜ್ಞಾನ ಸಂಸ್ಥೆಯವರು ವಕ್ರಪಥಗಳ ಮೇಲೆ ಚಲಿಸುವ ಯಂತ್ರವೊಂದನ್ನು ರಚಿಸಿ ಈ ತತ್ತ್ವವನ್ನು ಪ್ರಯೋಗದಿಂದ ಕಂಡರು. ಅಲ್ಲಿ ವಕ್ರವಾಗಿದ್ದುದು ಮನುಷ್ಯನಿರ್ಮಿತ ಪಥವೇ ಹೊರತು ಗುರುತ್ವದಿಂದ ಬಾಗಿದ ದೇಶಕಾಲವಲ್ಲವೆಂಬುದನ್ನು ಮರೆಯಲಾಗದು.

ಹೀಗೆ ‘ಈಜು’ ಎಂಬುದು ಒಂದು ರೂಪಕ. ಎಲ್ಲ ರೂಪಕಗಳಂತೆ ಅದಕ್ಕೂ ಎಲ್ಲೆಯುಂಟು. ಈಜುವವನು ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ಇಲ್ಲಿ ತಳ್ಳಿಸಿಕೊಳ್ಳುವ ವಸ್ತುವೇ ಇಲ್ಲ. ಹೆಸರನ್ನು ಅಕ್ಷರಶಃ ಹಿಡಿದವರು ನೌಕೆಯೊಂದನ್ನು ನಿರೀಕ್ಷಿಸಿ ನಿರಾಶರಾಗುವರು. ಗುರುತ್ವದ ವಕ್ರತೆಯು ಇಂಧನವಿಲ್ಲದೆ ವಸ್ತುವನ್ನು ಕದಲಿಸಬಲ್ಲುದೆ ಎಂಬ ಪ್ರಶ್ನೆಗೆ ಉತ್ತರ, ತತ್ತ್ವತಃ ಹೌದು. ಯಾನಕ್ಕೆ ಒದಗಬಲ್ಲುದೆ ಎಂಬುದಕ್ಕೆ, ಇಲ್ಲ. ಇವೆರಡನ್ನೂ ಬೆರಸದೆ ತಿಳಿಯುವುದೇ ಈ ವಿಚಾರದ ಫಲ.