ಚುಕ್ಕೆಯಾಗಿ ಕಾಣುವ ಜೆಟ್‌ನ ಅಗಲ ಅಳೆಯುವುದು ಹೇಗೆ?

1999ರ ಜನವರಿ 23ರಂದು ಬೆಪ್ಪೋಸ್ಯಾಕ್ಸ್ ಉಪಗ್ರಹಕ್ಕೆ ಒಂದು ಗಾಮಾ ಕಿರಣ ಸ್ಫೋಟ ಕಂಡಿತು. ಅದರ ಶಕ್ತಿಯ ಲೆಕ್ಕ ಹಾಕಿದ ವಿಜ್ಞಾನಿಗಳು ದಂಗಾದರು. ಸ್ಫೋಟ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೆ, ಸುಮಾರು ಎರಡು ಸೂರ್ಯರಷ್ಟು ದ್ರವ್ಯ ಪೂರ್ತಿಯಾಗಿ ಗಾಮಾ ಕಿರಣವಾಗಿರಬೇಕಿತ್ತು! ಒಂದು ನಕ್ಷತ್ರದ ಸಾವಿನಿಂದ ಅಷ್ಟು ಶಕ್ತಿ ಹೊರಡುವುದು ನಂಬಲಾಗದ ಮಾತು. ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮತ್ತು ಸಂಗಡಿಗರು ಅದೇ ವರ್ಷ ಒಂದು ಉತ್ತರ ಸೂಚಿಸಿದರು: ಶಕ್ತಿ ಎಲ್ಲ ಕಡೆ ಚೆಲ್ಲಿಲ್ಲ, ಕಿರಿದಾದ ಜೆಟ್ ಆಗಿ ನಮ್ಮತ್ತ ಚಿಮ್ಮಿದೆ.

ಎಷ್ಟು ಕಿರಿದು? ದೂರದರ್ಶಕಕ್ಕೆ ಅದು ಬರೀ ಚುಕ್ಕೆ. ಆದರೆ ಸ್ಫೋಟದ ನಂತರ ಉಳಿಯುವ ಎಕ್ಸ್-ಕಿರಣಗಳು ಕುಗ್ಗುವ ರೀತಿಯಲ್ಲೇ ಉತ್ತರವಿದೆ.

ಜೆಟ್ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಸಾಗುವುದರಿಂದ ಅದರ ಪ್ರತಿ ಭಾಗದ ಬೆಳಕೂ ಮುಂದಕ್ಕೇ ಒತ್ತೊತ್ತಾಗಿ ಹೊಮ್ಮುತ್ತದೆ. ಹಾಗಾಗಿ ಮೊದಮೊದಲು ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು ತುಣುಕು ಮಾತ್ರ. ಸುತ್ತಲಿನ ಅನಿಲಕ್ಕೆ ಬಡಿದು ಜೆಟ್ ನಿಧಾನವಾದಂತೆ ಕಾಣುವ ಭಾಗ ಹಿಗ್ಗುತ್ತ ಹೋಗಿ, ಕೊನೆಗೆ ಅಂಚು ಮುಟ್ಟುತ್ತದೆ. ಅಲ್ಲಿಂದಾಚೆ ಹೊಸದಾಗಿ ಕಾಣಲು ಏನೂ ಇಲ್ಲ. ಹೊಳಪು ಮೊದಲಿಗಿಂತ ಕಡಿದಾಗಿ ಇಳಿಯುತ್ತದೆ. ಕಾಲಕ್ಕೆ ತಕ್ಕಂತೆ ಹೊಳಪನ್ನು ಗುರುತಿಸಿದ ನಕ್ಷೆಯಲ್ಲಿನ ಈ ತಿರುವೇ ‘ಜೆಟ್ ಬ್ರೇಕ್’. ಉಳಿದದ್ದೆಲ್ಲ ಸಮನಾಗಿದ್ದರೆ, ತಿರುವು ತಡವಾದಷ್ಟೂ ಜೆಟ್ ಅಗಲ. ಎಕ್ಸ್-ಕಿರಣದಲ್ಲೂ ಗೋಚರ ಬೆಳಕಿನಲ್ಲೂ ಒಂದೇ ಹೊತ್ತಿಗೆ ತಿರುವು ಬಂದರೆ ಅದು ಜೆಟ್‌ನ ಆಕಾರದಿಂದಲೇ ಆದದ್ದು ಎಂಬ ಭರವಸೆ ಹೆಚ್ಚುತ್ತದೆ.

2004ರಲ್ಲಿ ಉಡಾವಣೆಯಾದ ಸ್ವಿಫ್ಟ್ ಉಪಗ್ರಹ, ಸ್ಫೋಟ ಕಂಡ ಒಂದೆರಡು ನಿಮಿಷದಲ್ಲೇ ತನ್ನ ಎಕ್ಸ್-ಕಿರಣ ದೂರದರ್ಶಕವನ್ನು ಅತ್ತ ಹೊರಳಿಸಬಲ್ಲದು. ಹೊಳಪು ಅದಕ್ಕೂ ನಿಲುಕದಷ್ಟು ಮಂಕಾದಾಗ ನೆರವಿಗೆ ಬರುವುದು ಇನ್ನೂ ಸೂಕ್ಷ್ಮವಾದ ಚಂದ್ರಾ ವೀಕ್ಷಣಾಲಯ.

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಿಂದಾದ ಸ್ಫೋಟ ಇನ್ನೊಂದು ಪಾಠ ಕಲಿಸಿತು. ಅದರ ಎಕ್ಸ್-ಕಿರಣಗಳು ಚಂದ್ರಾಗೆ ಸಿಕ್ಕಿದ್ದೇ 9 ದಿನಗಳ ನಂತರ. ಅವು ಕುಗ್ಗುವ ಬದಲು ಐದು ತಿಂಗಳ ಕಾಲ ಏರಿ, ಆಮೇಲೆ ಇಳಿದವು. ಅಂದರೆ ಈ ಜೆಟ್ ನೇರವಾಗಿ ನಮ್ಮತ್ತ ಇರಲಿಲ್ಲ; ಅದು ನಿಧಾನವಾಗಿ ಬೆಳಕು ಅಗಲಕ್ಕೆ ಹರಡಿದಂತೆಲ್ಲ ಹೆಚ್ಚೆಚ್ಚು ಭಾಗ ನಮಗೆ ಕಾಣತೊಡಗಿತು. ರೇಡಿಯೊ ಅಳತೆಗಳನ್ನೂ ಸೇರಿಸಿ ನೋಡಿದಾಗ, ಅದು ನಮ್ಮಿಂದ ಸುಮಾರು 20 ಡಿಗ್ರಿ ವಾರೆಯಾಗಿ ಚಿಮ್ಮಿತ್ತೆಂದು ತಿಳಿಯಿತು.

ಈ ಕೋನಗಳಿಗೆ ಇಷ್ಟೇಕೆ ಮಹತ್ವ? ನಡುಗೆರೆಯಿಂದ ಅಂಚಿಗೆ 5 ಡಿಗ್ರಿ ಇರುವ, ಎದುರುಬದುರು ದಿಕ್ಕಿಗೆ ಚಿಮ್ಮುವ ಜೋಡಿ ಜೆಟ್‌ಗಳು ಆಕಾಶದ ಸುಮಾರು 260ರಲ್ಲಿ ಒಂದು ಪಾಲನ್ನಷ್ಟೇ ಬೆಳಗುತ್ತವೆ. ಆಗ ಸ್ಫೋಟದ ನಿಜವಾದ ಶಕ್ತಿ ಮೊದಲ ಲೆಕ್ಕಕ್ಕಿಂತ 260 ಪಟ್ಟು ಕಡಿಮೆ. ಅಷ್ಟೇ ಅಲ್ಲ, ನಮಗೆ ಕಾಣುವ ಇಂಥ ಪ್ರತಿ ಸ್ಫೋಟಕ್ಕೂ ಸುಮಾರು 260 ಸ್ಫೋಟಗಳು ಬೇರೆ ದಿಕ್ಕಿಗೆ ಮುಖಮಾಡಿ ನಮ್ಮ ಗಮನಕ್ಕೆ ಬಾರದೆ ಮುಗಿದುಹೋಗುತ್ತಿವೆ.